ಸಂದರ್ಭ ಸಾಮರ್ಥ್ಯ ಮತ್ತು ಇಂಗ್ಲಿಷ್ ಬೋಧನೆ: ಚಿಕ್ಕೋಡಿ ಸೀಮೆಯ ಶಿಕ್ಷಕರ ದೃಷ್ಟಿ

ಯಾರೊಡನೆ, ಎಲ್ಲಿ, ಯಾವ ಉದ್ದೇಶಕ್ಕೆ ಮಾತಾಡುತ್ತಿದ್ದೇವೆ ಎಂಬುದನ್ನು ಅರಿತು ಅದಕ್ಕೆ ಒಪ್ಪುವ ಮಾತನ್ನು ಆಯ್ದುಕೊಳ್ಳುವ, ಎದುರಿನವರ ಮಾತಿನ ಹಿಂದಿನ ಇಂಗಿತವನ್ನು ಹಿಡಿಯುವ ಶಕ್ತಿಗೆ ಸಂದರ್ಭ ಸಾಮರ್ಥ್ಯ ಎನ್ನಬಹುದು. ಭಾಷಾವಿಜ್ಞಾನದಲ್ಲಿ ಇದಕ್ಕೆ ಪ್ರಾಗ್ಮ್ಯಾಟಿಕ್ ಕಾಂಪಿಟೆನ್ಸ್ ಎಂಬ ಹೆಸರಿದೆ. ವ್ಯಾಕರಣ ಬಲ್ಲವನಿಗೆ ಇದು ತಾನಾಗಿ ಬರುವುದಿಲ್ಲ. ಬ್ಯಾಂಕಿನ ವ್ಯವಸ್ಥಾಪಕರ ಮುಂದೆ ನಿಂತು 'ಐ ವಾಂಟ್ ಎ ಫಾರ್ಮ್' ಎನ್ನುವ ಹುಡುಗನ ವಾಕ್ಯದಲ್ಲಿ ಕರ್ತೃ, ಕ್ರಿಯೆ, ಕರ್ಮ ಎಲ್ಲವೂ ಸರಿಯಾಗಿವೆ; ಆದರೂ ಕೇಳಿದವರಿಗೆ ಹುಡುಗ ಒರಟ ಎನಿಸುತ್ತಾನೆ. 'ಸರ್, ಫಾರ್ಮ್ ಈಸ್ ದೇರ್?' ಎಂದು ತಡವರಿಸಿದವನ ವಾಕ್ಯ ಸೊಟ್ಟಗಿದ್ದರೂ ಕೆಲಸ ಆಗುತ್ತದೆ, ಮನಸ್ಸೂ ಕೆಡುವುದಿಲ್ಲ. ಈ ಎರಡು ತಪ್ಪುಗಳಲ್ಲಿ ಯಾವುದು ದೊಡ್ಡದು, ಶಾಲೆ ಯಾವುದನ್ನು ಮೊದಲು ತಿದ್ದಬೇಕು ಎಂಬ ಪ್ರಶ್ನೆಗೆ ಇಂಗ್ಲಿಷ್ ಶಿಕ್ಷಕರು ಎಲ್ಲೆಡೆ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಮಗು ಶಾಲೆಗೆ ಬರುವ ಮೊದಲೇ ಎರಡು ಮೂರು ಭಾಷೆಗಳ ಮರ್ಯಾದೆಯನ್ನು ಅರಿತಿರುತ್ತದೆ. ಹೀಗಾಗಿ ಇಲ್ಲಿ ಈ ಪ್ರಶ್ನೆಗೆ ತನ್ನದೇ ಆದ ತಿರುವಿದೆ.

ಪರಿಕಲ್ಪನೆಯ ಹಿನ್ನೆಲೆ

ಮಾತು ಹೇಳಿಕೆ ಮಾತ್ರವಲ್ಲ, ಅದೊಂದು ಕ್ರಿಯೆ ಎಂಬ ವಿಚಾರವನ್ನು ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ಮಂಡಿಸಿದರು. 1962ರಲ್ಲಿ ಅವು ಪುಸ್ತಕವಾದವು. ಮಾತು ಕೊಡುವುದು, ಕ್ಷಮೆ ಕೇಳುವುದು, ಎಚ್ಚರಿಸುವುದು ಇವೆಲ್ಲ ಮಾತಿನಿಂದಲೇ ಆಗುವ ಕೆಲಸಗಳು. ಜಾನ್ ಸರ್ಲ್ 1969ರಲ್ಲಿ ಈ ವಿಚಾರಕ್ಕೆ ಕಟ್ಟುನಿಟ್ಟಿನ ರೂಪ ಕೊಟ್ಟರು. ಆಡಿದ್ದಕ್ಕಿಂತ ಹೆಚ್ಚಿನದನ್ನು ಕೇಳುಗ ಹೇಗೆ ಊಹಿಸಿಕೊಳ್ಳುತ್ತಾನೆ ಎಂಬುದನ್ನು ಪಾಲ್ ಗ್ರೈಸ್ ವಿವರಿಸಿದರೆ, ಎದುರಿನವರ ಮುಖ ಉಳಿಸುವ ಲೆಕ್ಕಾಚಾರವೇ ಸೌಜನ್ಯ ಎಂದು ಪೆನೆಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ವಾದಿಸಿದರು. ಆ ಲೆಕ್ಕಾಚಾರಕ್ಕೆ ಅವರು ಆಧಾರವಾಗಿಟ್ಟುಕೊಂಡ ಭಾಷೆಗಳಲ್ಲಿ ಕನ್ನಡದ ನೆರೆಯ ತಮಿಳೂ ಒಂದು.

ಭಾರತೀಯ ಓದುಗರಿಗೆ ಇದರಲ್ಲಿ ಪೂರ್ತಿ ಹೊಸದೇನೂ ಇಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ಧ್ವನಿಯ ಬಗ್ಗೆ, ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಔಚಿತ್ಯದ ಬಗ್ಗೆ ಬರೆದದ್ದು ಕಾವ್ಯವನ್ನು ಕುರಿತಾದರೂ ಅವರು ಕೇಳಿದ ಪ್ರಶ್ನೆ ಇದಕ್ಕೆ ಹತ್ತಿರದ್ದೇ. ಹೊತ್ತು ಮುಳುಗಿತು ಎಂಬ ಒಂದೇ ಮಾತು ದನ ಕಾಯುವವನಿಗೆ ಒಂದು ಅರ್ಥ, ಸಂಧ್ಯಾವಂದನೆ ಮಾಡುವವನಿಗೆ ಇನ್ನೊಂದು, ಕಳ್ಳನಿಗೆ ಮತ್ತೊಂದು ಅರ್ಥ ಕೊಡುತ್ತದೆ ಎಂಬ ಅಲಂಕಾರಶಾಸ್ತ್ರದ ಹಳೆಯ ಉದಾಹರಣೆ ಪ್ರಾಗ್ಮ್ಯಾಟಿಕ್ಸ್ ತರಗತಿಯಲ್ಲಿ ಇಂದಿಗೂ ಸಲ್ಲುತ್ತದೆ. ಪದವಿಯಲ್ಲಿ ಕನ್ನಡ ಕಾವ್ಯಮೀಮಾಂಸೆ ಓದಿ ಬಂದ ಶಿಕ್ಷಕನಿಗೆ ಈ ವಿಷಯ ಮುಟ್ಟಿಸಲು ಇದಕ್ಕಿಂತ ಹತ್ತಿರದ ದಾರಿ ಸಿಗುವುದು ಕಷ್ಟ. ತರಬೇತಿಗಳು ಈ ದಾರಿ ಹಿಡಿಯದೆ ನೇರವಾಗಿ ಪಾಶ್ಚಾತ್ಯ ಪರಿಭಾಷೆಯಿಂದ ಆರಂಭಿಸುವುದೇ ಹೆಚ್ಚು.

ಭಾಷಾ ಬೋಧನೆಯ ಕಡೆಯಿಂದ ಡೆಲ್ ಹೈಮ್ಸ್ ಅವರ ಸಂವಹನ ಸಾಮರ್ಥ್ಯ ಎಂಬ ಕಲ್ಪನೆ (1972) ಮುಖ್ಯವಾದದ್ದು. ವ್ಯಾಕರಣದ ನಿಯಮಗಳಷ್ಟೇ ಬಳಕೆಯ ನಿಯಮಗಳೂ ಬೇಕು, ಎರಡನೆಯವು ಇಲ್ಲದೆ ಮೊದಲನೆಯವು ನಿರರ್ಥಕ ಎಂಬುದು ಅವರ ನಿಲುವು. 1980ರಲ್ಲಿ ಮೈಕೆಲ್ ಕನೇಲ್ ಮತ್ತು ಮೆರಿಲ್ ಸ್ವೇನ್ ಇದನ್ನು ಪಠ್ಯಕ್ರಮಕ್ಕೆ ಒಗ್ಗುವಂತೆ ವಿಂಗಡಿಸಿದರು. ಲೈಲ್ ಬ್ಯಾಕ್‌ಮನ್ 1990ರ ತಮ್ಮ ಮಾದರಿಯಲ್ಲಿ ಸಂದರ್ಭ ಸಾಮರ್ಥ್ಯಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು.

ತರಗತಿಯ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತವಾದದ್ದು ಜೆನ್ನಿ ಥಾಮಸ್ 1983ರಲ್ಲಿ ಮಾಡಿದ ಭೇದ. ಸಂದರ್ಭ ತಪ್ಪಿದ ಮಾತಿನಲ್ಲಿ ಎರಡು ಬಗೆ ಎಂದರು ಅವರು. ಒಂದು, ಉದ್ದೇಶ ಸರಿಯಾಗಿದ್ದು ಅದಕ್ಕೆ ಆರಿಸಿದ ಭಾಷಾರೂಪ ತಪ್ಪಾಗುವುದು. ಇನ್ನೊಂದು, ಯಾರನ್ನು ಏನು ಕೇಳಬಹುದು, ಯಾವುದಕ್ಕೆ ಸಂಕೋಚಪಡಬೇಕು ಎಂಬ ಸಾಮಾಜಿಕ ಅಂದಾಜೇ ಬೇರೆಯಾಗಿರುವುದು. ಮನೆಗೆ ಬಂದವರನ್ನು 'ಏನ ಬಂದಿದ್ರಿ?' ಎಂದು ಆದರದಿಂದ ವಿಚಾರಿಸುವ ಕಾಗವಾಡದ ಹುಡುಗಿ ಅದನ್ನೇ 'ವೈ ಡಿಡ್ ಯು ಕಮ್?' ಎಂದರೆ ಮೊದಲ ಬಗೆಯ ತಪ್ಪು. ಆದರ 'ರಿ'ಯಲ್ಲಿತ್ತು, ಅದು ದಾರಿಯಲ್ಲೇ ಉದುರಿಹೋಯಿತು. ಹೊಸ ಪರಿಚಯದವರನ್ನು 'ಪಗಾರ ಎಷ್ಟ್ರಿ?' ಎಂದು ಕೇಳುವುದು ಇಲ್ಲಿ ಅಕ್ಕರೆ, ಲಂಡನ್ನಿನಲ್ಲಿ ಅಧಿಕಪ್ರಸಂಗ. ಇದು ಎರಡನೆಯ ಬಗೆ. ಮೊದಲನೆಯದನ್ನು ವ್ಯಾಕರಣದಂತೆಯೇ ಕಲಿಸಬಹುದು, ಎರಡನೆಯದನ್ನು ಚರ್ಚಿಸಬೇಕೇ ಹೊರತು ಹೇರಬಾರದು ಎಂದು ಥಾಮಸ್ ಎಚ್ಚರಿಸಿದ್ದರು. ಕಲಿಯುವವನ ಸಂಸ್ಕಾರವನ್ನೇ ತಪ್ಪೆಂದು ಗುರುತಿಸುವ ಹಕ್ಕು ಶಿಕ್ಷಕನಿಗೆ ಇಲ್ಲ ಎಂಬುದು ಅದರ ತಾತ್ಪರ್ಯ.

ಸೀಮೆಯ ಭಾಷಾಚಿತ್ರ

ಐದೂ ತಾಲೂಕುಗಳು ಬೆಳಗಾವಿ ಜಿಲ್ಲೆಯ ವಾಯವ್ಯ ಹಾಗೂ ಉತ್ತರ ಭಾಗದಲ್ಲಿವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು, ಕಬ್ಬು, ಸಕ್ಕರೆ ಕಾರ್ಖಾನೆಗಳು, ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ ಇಲ್ಲಿಯ ಆರ್ಥಿಕತೆಯ ಗುರುತುಗಳು. ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲೂಕಿನಲ್ಲಿಯೂ ಕಾಗವಾಡ ಅಥಣಿ ತಾಲೂಕಿನಲ್ಲಿಯೂ ಸೇರಿದ್ದವು. ಶಾಲಾ ಆಡಳಿತಕ್ಕಾಗಿ ಬೆಳಗಾವಿ ಕಂದಾಯ ಜಿಲ್ಲೆಯನ್ನು ಎರಡಾಗಿ ವಿಭಜಿಸಲಾಗಿದ್ದು, ಈ ಐದೂ ತಾಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಪದವಿ ಕಾಲೇಜುಗಳು 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಒಳಪಟ್ಟಿವೆ. ಅದಕ್ಕೆ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಒಳಪಟ್ಟಿದ್ದವು.

1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ ಒಂದರೊಳಗೊಂದು ಹೆಣೆದುಕೊಂಡಿವೆ. ಕೊಲ್ಲಾಪುರ, ಇಚಲಕರಂಜಿ, ಮೀರಜ, ಸಾಂಗಲಿಗಳು ಆಸ್ಪತ್ರೆಗೆ, ಸಂತೆಗೆ, ಕೆಲಸಕ್ಕೆ ಬೆಳಗಾವಿಗಿಂತ ಹತ್ತಿರ. ಗಡಿಯ ಆಚೆಯ ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳಿವೆ, ಈಚೆಯ ನಿಪ್ಪಾಣಿಯಲ್ಲಿ ಮರಾಠಿ ಶಾಲೆಗಳಿವೆ. ರಾಯಬಾಗ ತಾಲೂಕಿನ ಕುಡಚಿಯಂಥ ಊರುಗಳಲ್ಲಿ ಉರ್ದುವೂ ಕೇಳುತ್ತದೆ. ಇಂಥ ಕಡೆ ಬೆಳೆದ ಮಗು ಮನೆಯಲ್ಲಿ 'ನೀ', ಅಂಗಡಿಯಲ್ಲಿ 'ರೀ', ಮೀರಜದ ಬಸ್ಸಿನಲ್ಲಿ 'ಅಹೋ' ಎನ್ನುತ್ತದೆ. ಕಾಕಾ, ಮಾಮಾ, ಮಾವಶಿ, ಅಕ್ಕಾರ, ಅಣ್ಣಾರ ಎಂದು ಕರೆಯುವಾಗ ವಯಸ್ಸು, ನಂಟು, ಜಾತಿ, ಎದುರಿನವರ ಭಾಷೆ ನಾಲ್ಕನ್ನೂ ಕ್ಷಣದಲ್ಲಿ ತೂಗುತ್ತದೆ. ಎದುರಿನವರ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಕನ್ನಡದಿಂದ ಮರಾಠಿಗೆ ಹೊರಳುತ್ತದೆ. ಪಠ್ಯಪುಸ್ತಕ ಕಲಿಸಲು ಹೊರಟ ಸಾಮರ್ಥ್ಯ ಈ ಮಗುವಿನಲ್ಲಿ ಆಗಲೇ ಇದೆ. ಇಂಗ್ಲಿಷಿನಲ್ಲಿ ಅದನ್ನು ಎಲ್ಲಿ ಇರಿಸಬೇಕು ಎಂಬುದಷ್ಟೇ ಅದಕ್ಕೆ ಗೊತ್ತಿಲ್ಲ.

ಇರಿಸುವ ಜಾಗದ ಈ ವ್ಯತ್ಯಾಸವೇ ಇಲ್ಲಿಯ ಕಲಿಕೆಯ ತಿರುಳು. ಕನ್ನಡದಲ್ಲಿ ನೀನು, ನೀವು, ತಾವು. ಮರಾಠಿಯಲ್ಲಿ ತೂ, ತುಮ್ಹಿ, ಆಪಣ. ಉರ್ದುವಿನಲ್ಲಿ ತೂ, ತುಮ್, ಆಪ್. ಮೂರರಲ್ಲೂ ಗೌರವ ಸರ್ವನಾಮದಲ್ಲಿ, ಕ್ರಿಯಾಪದದ ತುದಿಯಲ್ಲಿ ಕುಳಿತಿದೆ. ಉತ್ತರ ಕರ್ನಾಟಕದ ಕನ್ನಡದಲ್ಲಂತೂ ಒಂದು 'ರಿ' ಎಲ್ಲ ಭಾರವನ್ನೂ ಹೊರುತ್ತದೆ: ಕೊಡು ಎಂಬುದು ಅಪ್ಪಣೆ, ಕೊಡ್ರಿ ಎಂಬುದು ವಿನಂತಿ. ಇಂಗ್ಲಿಷಿನಲ್ಲಿ ಇರುವುದು ಒಂದೇ 'ಯು'. ಅಲ್ಲಿಯ ಮರ್ಯಾದೆ ಕುಡ್, ವುಡ್, ಮೇ, ಮೈಂಡ್ ಎಂಬ ಪದಗಳಲ್ಲಿ, ಅಪ್ಪಣೆಯನ್ನು ಪ್ರಶ್ನೆಯಾಗಿ ತಿರುಗಿಸುವುದರಲ್ಲಿ, ಕೇಳುವ ಮೊದಲು ಕಾರಣ ಹೇಳಿ ಹಾದಿ ಮೆತ್ತಗೆ ಮಾಡುವುದರಲ್ಲಿ ಹಂಚಿಹೋಗಿದೆ. 'ರಿ'ಗೆ ಇಂಗ್ಲಿಷಿನಲ್ಲಿ ಸಮಾನ ಹುಡುಕುವ ಮಗುವಿಗೆ ಕೈಗೆ ಸಿಗುವ ಹತ್ತಿರದ ಪದ 'ಸರ್'. 'ಗಿವ್ ಪೆನ್, ಸರ್' ಎಂಬ ವಾಕ್ಯ ಹುಟ್ಟುವುದು ಹೀಗೆ. ಇದು ಒರಟುತನವಲ್ಲ, 'ಪೆನ್ನ ಕೊಡ್ರಿ ಸರ' ಎಂಬ ಸಭ್ಯ ವಾಕ್ಯದ ಪ್ರಾಮಾಣಿಕ ಅನುವಾದ.

ಪರೋಕ್ಷವಾಗಿ ಕೇಳುವ ಕಲೆಯೂ ಈ ಮಕ್ಕಳಿಗೆ ಹೊಸದಲ್ಲ. 'ಪೆನ್ನ ಐತೇನ್ರಿ?', 'ಜರಾ ಸರೀತೀರೇನ್ರಿ?', 'ಒಂಚೂರ ನೀರ ಸಿಗತಾವೇನ್ರಿ?' ಇವೆಲ್ಲ ಪ್ರಶ್ನೆಯ ವೇಷದ ವಿನಂತಿಗಳೇ. ಹೊರಟವರನ್ನು 'ಎಲ್ಲಿಗೆ' ಎಂದು ನೇರವಾಗಿ ಕೇಳಬಾರದು ಎಂಬ ನಂಬಿಕೆಯಿಂದ 'ದೂರ ಹೊಂಟ್ರೇನ್ರಿ?' ಎನ್ನುವುದು, ಬೀಳ್ಕೊಳ್ಳುವಾಗ 'ಹೋಗ್ತೇನಿ' ಎನ್ನದೆ 'ಬರ್ತೇನ್ರಿ' ಎನ್ನುವುದು, ಮರಾಠಿಯಲ್ಲಿ 'ಯೇತೋ' ಎನ್ನುವುದು ಅದೇ ಜಾಣ್ಮೆಯ ಬೇರೆ ಮುಖಗಳು. ಇನ್ನು ಕೃತಜ್ಞತೆಯ ವಿಷಯ ಬೇರೆ. ಧನ್ಯವಾದ ಎಂಬುದು ಇಲ್ಲಿ ವೇದಿಕೆಯ ಶಬ್ದ. ತಾಯಿ ಬಡಿಸಿದ ರೊಟ್ಟಿಗೆ, ಗೆಳೆಯ ಕೊಟ್ಟ ಪುಸ್ತಕಕ್ಕೆ ಅದನ್ನು ಹೇಳಿದರೆ ನಡುವೆ ಗೋಡೆ ಎಬ್ಬಿಸಿದಂತೆ. 'ಥ್ಯಾಂಕ್ಸ್' ಎನ್ನದ ವಿದ್ಯಾರ್ಥಿಯನ್ನು ಸಂಸ್ಕಾರ ಇಲ್ಲದವನು ಎಂದು ಹೊರಗಿನ ಪರೀಕ್ಷಕ ಅಳೆದರೆ ತಪ್ಪು ಅಳೆಯುವವನದು. ಚಹಾಕ್ಕೆ ಕರೆದಾಗ ಮೊದಲ ಸಲ 'ಬ್ಯಾಡ್ರಿ' ಎನ್ನುವುದು ಶಿಷ್ಟಾಚಾರ, ಎರಡನೆಯ ಸಲದ ಒತ್ತಾಯಕ್ಕೆ ಅರ್ಧ ಕಪ್ಪಿಗೆ ಒಪ್ಪುವುದು ಇನ್ನೊಂದು ಶಿಷ್ಟಾಚಾರ. ಇಂಗ್ಲಿಷಿನ 'ನೋ, ಥ್ಯಾಂಕ್ ಯು' ಮೊದಲ ಸಲವೇ ಕೊನೆಯ ಮಾತು ಎಂಬುದು ಗೊತ್ತಿಲ್ಲದವನು ಚಹಾ ಇಲ್ಲದೆ ಹೊರಡಬೇಕಾಗುತ್ತದೆ.

ಎರಡನೆಯ ಭಾಷೆಯೋ, ಪರಭಾಷೆಯೋ

ಸರ್ಕಾರಿ ಲೆಕ್ಕದಲ್ಲಿ ಇಂಗ್ಲಿಷ್ ಭಾರತದಲ್ಲಿ ವಿದೇಶಿ ಭಾಷೆಯಲ್ಲ. 1963ರ ರಾಜಭಾಷಾ ಕಾಯ್ದೆಯ ಪ್ರಕಾರ ಅದು ಹಿಂದಿಯ ಜೊತೆಗೆ ಒಕ್ಕೂಟದ ವ್ಯವಹಾರಕ್ಕೆ ಬಳಕೆಯಾಗುತ್ತಲೇ ಇದೆ. ಕರ್ನಾಟಕದ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಅದರ ಹೆಸರೇ ದ್ವಿತೀಯ ಭಾಷೆ. 2007-08ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯ ಮಾಡಿದ ಮೇಲೆ, ನಿಪ್ಪಾಣಿಯ ಮರಾಠಿ ಮಾಧ್ಯಮದ ಮಗು ಮರಾಠಿ, ಕನ್ನಡ, ಇಂಗ್ಲಿಷ್ ಮೂರನ್ನೂ ಹೊರುತ್ತದೆ.

ಆದರೆ ಬಳಕೆಯ ಲೆಕ್ಕ ಬೇರೆ. ಬೆಂಗಳೂರಿನ ಮಗುವಿಗೆ ಅಂಗಡಿ, ಲಿಫ್ಟು, ಅಪಾರ್ಟ್‌ಮೆಂಟಿನ ಕಾವಲುಗಾರನ ನಡುವೆ ಸಿಗುವ ಇಂಗ್ಲಿಷ್ ಅಥಣಿ ಅಥವಾ ರಾಯಬಾಗದ ಹಳ್ಳಿಯ ಮಗುವಿಗೆ ಶಾಲೆಯ ಗೇಟು ದಾಟಿದರೆ ಸಿಗುವುದಿಲ್ಲ. ಅಂಗಡಿ ಫಲಕದಲ್ಲಿ, ಔಷಧಿಯ ಚೀಟಿಯಲ್ಲಿ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಿವೆ. ಇಂಗ್ಲಿಷಿನಲ್ಲಿ ಮಾತಾಡಿ ಉತ್ತರ ಪಡೆಯುವ ಪ್ರಸಂಗ ಇಲ್ಲ. ಹೀಗಾಗಿ ನೀತಿಯಲ್ಲಿ ದ್ವಿತೀಯವಾದ ಭಾಷೆ ಇಲ್ಲಿ ಕಲಿಕೆಯ ಮಟ್ಟಿಗೆ ಪರಭಾಷೆಯಾಗಿಯೇ ಉಳಿದಿದೆ. ಈ ಭೇದ ಕೇವಲ ಪರಿಭಾಷೆಯದಲ್ಲ, ಶಿಕ್ಷಕರ ದೃಷ್ಟಿಯನ್ನೇ ಅದು ರೂಪಿಸುತ್ತದೆ ಎಂಬುದಕ್ಕೆ ಹೆಸರಾದ ಆಧಾರವೊಂದಿದೆ.

ಕ್ಯಾಥ್ಲೀನ್ ಬಾರ್ಡೋವಿ-ಹಾರ್ಲಿಗ್ ಮತ್ತು ಝೋಲ್ಟಾನ್ ಡೋರ್ನ್ಯೇ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಂಗರಿಯಲ್ಲಿ ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವವರಿಗೂ ಅಮೆರಿಕದಲ್ಲಿದ್ದು ಕಲಿಯುವವರಿಗೂ ಒಂದೇ ವೀಡಿಯೊ ದೃಶ್ಯಗಳನ್ನು ತೋರಿಸಲಾಯಿತು. ಕೆಲವು ದೃಶ್ಯಗಳಲ್ಲಿ ವ್ಯಾಕರಣ ತಪ್ಪಿತ್ತು, ಕೆಲವುಗಳಲ್ಲಿ ಸಂದರ್ಭ ತಪ್ಪಿತ್ತು. ಹಂಗರಿಯ ವಿದ್ಯಾರ್ಥಿಗಳು ಮಾತ್ರವಲ್ಲ, ಅವರ ಶಿಕ್ಷಕರೂ ವ್ಯಾಕರಣದ ತಪ್ಪನ್ನೇ ಗಂಭೀರವೆಂದು ಗುರುತಿಸಿದರು. ಅಮೆರಿಕದಲ್ಲಿದ್ದವರು ಸಂದರ್ಭದ ತಪ್ಪನ್ನು ದೊಡ್ಡದೆಂದರು. ಭಾಷೆ ಸುತ್ತಲೂ ಇರುವವರಿಗೆ ಒರಟು ಮಾತಿನ ಪರಿಣಾಮ ಮರುಗಳಿಗೆಯಲ್ಲೇ ತಟ್ಟುತ್ತದೆ. ಭಾಷೆ ಪುಸ್ತಕದಲ್ಲಿ ಮಾತ್ರ ಇರುವವರಿಗೆ ತಟ್ಟುವುದು ಕೆಂಪು ಶಾಯಿ ಒಂದೇ. ಕೆಲವೇ ವರ್ಷಗಳಲ್ಲಿ ನೀಜ್ಗೋಡಾ ಮತ್ತು ರೋವರ್ ಝೆಕ್ ವಿದ್ಯಾರ್ಥಿಗಳ ಮೇಲೆ ಇದೇ ಪ್ರಯೋಗ ನಡೆಸಿದಾಗ ಫಲಿತಾಂಶ ಬೇರೆ ಬಂತು: ಅವರು ಎರಡೂ ಬಗೆಯ ತಪ್ಪುಗಳಿಗೆ ಎಚ್ಚರಾಗಿದ್ದರು. ಪರಭಾಷಾ ಪರಿಸರ ವಿಧಿಯಲ್ಲ, ಅಲ್ಲಿಯ ಪಾಠ ಹೇಗಿದೆ ಎಂಬುದರ ಮೇಲೆಯೂ ಎಚ್ಚರ ನಿಂತಿದೆ ಎಂದು ಇದರಿಂದ ತಿಳಿಯಬಹುದು.

ಶಿಕ್ಷಕರ ನಿಲುವುಗಳು

ಮೊದಲು ವ್ಯಾಕರಣ, ಉಳಿದದ್ದು ಆಮೇಲೆ ಎಂಬುದು ಈ ಭಾಗದ ಶಿಕ್ಷಕವರ್ಗದಲ್ಲಿ ಆಳವಾಗಿ ಬೇರುಬಿಟ್ಟ ನಿಲುವು. ಇದಕ್ಕೆ ಇತಿಹಾಸವಿದೆ. ಮುಂಬಯಿ ಪ್ರಾಂತದ ಕಾಲದಲ್ಲಿ ಮರಾಠಿ ಬಲ್ಲ ಮನೆಗಳಲ್ಲಿ ಹೆಸರಾಗಿದ್ದ ತರ್ಖಡಕರರ ಭಾಷಾಂತರ ಪಾಠಮಾಲೆಯಂಥ ಪುಸ್ತಕಗಳು ಕಲಿಸಿದ್ದು ವಾಕ್ಯವನ್ನು ವಾಕ್ಯಕ್ಕೆ ಸರಿಗಟ್ಟುವ ವಿದ್ಯೆ. ಆ ವಿದ್ಯೆಯಲ್ಲಿ ಮಾತಾಡುವವನಿಗೂ ಕೇಳುವವನಿಗೂ ಜಾಗವಿರಲಿಲ್ಲ. ಆ ಪರಂಪರೆಯಲ್ಲಿ ಕಲಿತವರ ಶಿಷ್ಯರ ಶಿಷ್ಯರು ಇಂದಿನ ಶಿಕ್ಷಕರು. ನಿಲುವು ಕೇವಲ ಹಠ ಎಂದು ತಳ್ಳಿಹಾಕುವಂತಿಲ್ಲ: ಕ್ರಿಯಾಪದದ ರೂಪವೇ ಗೊತ್ತಿಲ್ಲದ ಮಗು 'ವುಡ್ ಯು ಮೈಂಡ್' ಆದ ಮೇಲೆ ಯಾವ ರೂಪ ಹಾಕಬೇಕು ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ವ್ಯಾಕರಣ ಬಂದರೆ ಬಳಕೆ ತಾನಾಗಿ ಬರುತ್ತದೆ ಎಂಬ ಅದರ ಎರಡನೆಯ ಅರ್ಧಕ್ಕೆ ಸಂಶೋಧನೆಯ ಬೆಂಬಲವಿಲ್ಲ. ರಿಚರ್ಡ್ ಶ್ಮಿಟ್ 1983ರಲ್ಲಿ ವರ್ಣಿಸಿದ, ಹವಾಯಿಯಲ್ಲಿ ನೆಲೆಸಿದ ಜಪಾನೀ ಕಲಾವಿದ ವ್ಯಾಕರಣದಲ್ಲಿ ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದ. ಸಂಭಾಷಣೆಯಲ್ಲಿ ಮಾತ್ರ ಎಲ್ಲರಿಗೂ ಬೇಕಾದವನಾಗಿದ್ದ. ಎರಡು ಸಾಮರ್ಥ್ಯಗಳು ಒಂದೇ ಗಾಡಿಯ ಎತ್ತುಗಳಾದರೂ ಒಂದೇ ಹೆಜ್ಜೆ ಹಾಕುವುದಿಲ್ಲ.

ಎರಡನೆಯದು ಪರೀಕ್ಷೆಯ ಮಾತು. ಎಸ್.ಎಸ್.ಎಲ್.ಸಿ. ಫಲಿತಾಂಶ ಶಾಲೆಯ ಮಾನ, ತಾಲೂಕಿನ ಮಾನ, ಶೈಕ್ಷಣಿಕ ಜಿಲ್ಲೆಯ ಸ್ಥಾನ ಎಲ್ಲವನ್ನೂ ನಿರ್ಧರಿಸುವಾಗ ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ್ದನ್ನು ಕಲಿಸಲು ಧೈರ್ಯ ಬೇಕು. ವಿಚಿತ್ರವೆಂದರೆ ಸಂದರ್ಭ ಸಾಮರ್ಥ್ಯ ಆ ಪತ್ರಿಕೆಯಲ್ಲಿ ಇದೆ. ಒಂದು ಚಿಕ್ಕ ಸಂಭಾಷಣೆ ಕೊಟ್ಟು, ಅಡಿಗೆರೆ ಎಳೆದ ವಾಕ್ಯ ಯಾವ ಕೆಲಸ ಮಾಡುತ್ತಿದೆ, ಅನುಮತಿ ಕೇಳುತ್ತಿದೆಯೋ, ಸಲಹೆ ಕೊಡುತ್ತಿದೆಯೋ, ಕೃತಜ್ಞತೆ ಹೇಳುತ್ತಿದೆಯೋ ಎಂದು ನಾಲ್ಕು ಉತ್ತರಗಳಲ್ಲಿ ಆರಿಸಲು ಹೇಳುವ ಒಂದು ಅಂಕದ ಪ್ರಶ್ನೆ ಅದು. ಪಠ್ಯಕ್ರಮ ಅದನ್ನು ಲ್ಯಾಂಗ್ವೇಜ್ ಫಂಕ್ಷನ್ ಎನ್ನುತ್ತದೆ. ಆಸ್ಟಿನ್ ಅವರ ವಿಚಾರ ಹಾರ್ವರ್ಡಿನಿಂದ ಹೊರಟು ಈ ಸೀಮೆಯ ಸದಲಗಾದ ಪರೀಕ್ಷಾ ಕೇಂದ್ರ ತಲುಪಿದೆ, ಆದರೆ ಚೀಟಿ ಅಂಟಿಸುವ ಕೆಲಸವಾಗಿ. 'ಶಲ್ ಐ' ಇದ್ದರೆ ಇದು, 'ವೈ ಡೋಂಟ್ ಯು' ಇದ್ದರೆ ಅದು ಎಂದು ಬಾಯಿಪಾಠ ಮಾಡಿಸಿ ಅಂಕ ಗಳಿಸಿಕೊಡುವುದು ಶಿಕ್ಷಕರಿಗೆ ಸುಲಭ. ಅನುಮತಿ ಕೇಳುವ ವಾಕ್ಯ ಗುರುತಿಸಬಲ್ಲ ಹುಡುಗ ಅನುಮತಿ ಕೇಳಬಲ್ಲ ಎಂದು ಇದರಿಂದ ತೀರ್ಮಾನಿಸುವಂತಿಲ್ಲ.

ಪತ್ರಲೇಖನ ಇನ್ನೊಂದು ಬಾಗಿಲು. ಮುಖ್ಯೋಪಾಧ್ಯಾಯರಿಗೆ ರಜೆ ಅರ್ಜಿ, ಗೆಳೆಯನಿಗೆ ಪ್ರವಾಸದ ಪತ್ರ ಇವೆರಡರ ಧಾಟಿ ಬೇರೆ ಎಂಬುದನ್ನು ಶಿಕ್ಷಕರು ತಪ್ಪದೆ ಹೇಳಿಕೊಡುತ್ತಾರೆ. 'ರೆಸ್ಪೆಕ್ಟೆಡ್ ಸರ್' ಎಂದು ಆರಂಭಿಸಿ 'ಯುವರ್ಸ್ ಒಬೀಡಿಯೆಂಟ್ಲಿ' ಎಂದು ಮುಗಿಸುವ ಅರ್ಜಿಯ ಭಾಷೆ ಕಚೇರಿ ಕನ್ನಡದ 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂಬ ಧಾಟಿಗೆ ಹತ್ತಿರವಿದ್ದು, ಮಕ್ಕಳಿಗೆ ಬೇಗ ಹತ್ತುತ್ತದೆ. ಇಂಗ್ಲೆಂಡಿನಲ್ಲಿ ಹಳತಾದ ಈ ನುಡಿಗಟ್ಟು ಚಿಕ್ಕೋಡಿಯ ಕಚೇರಿಯಲ್ಲಿ ಜೀವಂತವಾಗಿದೆ, ಮತ್ತು ಅರ್ಜಿ ತಲುಪಬೇಕಾದದ್ದು ಚಿಕ್ಕೋಡಿಯ ಕಚೇರಿಗೇ.

ಇಲ್ಲಿಂದ ಮೂರನೆಯ ಭಿನ್ನಾಭಿಪ್ರಾಯ ಆರಂಭವಾಗುತ್ತದೆ: ಯಾರ ಸಂದರ್ಭಕ್ಕೆ ಒಪ್ಪುವ ಇಂಗ್ಲಿಷ್? ಬ್ರಿಟಿಷರಂತೆ ಮಾತಾಡುವುದೇ ಗುರಿ ಎನ್ನುವ ಹಿರಿಯ ತಲೆಮಾರಿನವರ ಎದುರು, ಈ ಮಕ್ಕಳು ಇಂಗ್ಲಿಷ್ ಆಡುವುದು ಪುಣೆಯ ಕಂಪನಿಯಲ್ಲಿ ತಮಿಳರೊಡನೆ, ಬೆಂಗಳೂರಿನಲ್ಲಿ ಬಂಗಾಲಿಗಳೊಡನೆ ತಾನೆ ಎಂಬ ವಾದ ನಿಂತಿದೆ. ಬ್ರಜ್ ಕಚ್ರು ಅವರ ಕೃತಿಗಳು, ವಿಶೇಷವಾಗಿ 1983ರ ಇಂಗ್ಲಿಷಿನ ಭಾರತೀಕರಣವನ್ನು ಕುರಿತ ಪುಸ್ತಕ, ಈ ವಾದಕ್ಕೆ ಶಾಸ್ತ್ರದ ಬಲ ಕೊಟ್ಟವು. ಕನ್ನಡಿಗ ಓದುಗರಿಗೆ ಹೆಚ್ಚು ಹತ್ತಿರದವರು ಕಮಲ್ ಕೆ. ಶ್ರೀಧರ್. ದೇಶೀಕರಣಗೊಂಡ ಇಂಗ್ಲಿಷಿನಲ್ಲಿ ಮಾತಿನ ಕ್ರಿಯೆಗಳು ಹೇಗೆ ನಡೆಯುತ್ತವೆ ಎಂಬುದನ್ನು ಕುರಿತ ಅವರ 1991ರ ಬರಹ, ಮೂಲ ಭಾಷಿಕರ ಅಳತೆಗೋಲು ಒಂದನ್ನೇ ಹಿಡಿದು ಭಾರತೀಯರ ವಿನಂತಿಗಳನ್ನು ಅಳೆಯುವುದರ ತೊಡಕನ್ನು ತೋರಿಸುತ್ತದೆ. 'ಪಾಟೀಲ್ ಸರ್' ಎಂದು ಕರೆಯುವುದನ್ನು ತಿದ್ದಿ 'ಮಿಸ್ಟರ್ ಪಾಟೀಲ್' ಎನ್ನಿಸಿದರೆ ಇಂಗ್ಲೆಂಡಿಗೆ ಸರಿ, ನಿಪ್ಪಾಣಿಯ ಶಾಲೆಯಲ್ಲಿ ಉದ್ಧಟತನ. ಕೇಳುವವರು ಯಾರು ಎಂಬುದನ್ನು ಮರೆತು ಬೋಧಿಸಿದ ಸೌಜನ್ಯ ತಾನೇ ಸಂದರ್ಭ ತಪ್ಪಿದ ಮಾತಾಗುತ್ತದೆ. ಆದರೂ ಈ ವಾದವನ್ನು ಕೊನೆಯವರೆಗೂ ಎಳೆಯಲಾಗದು. 'ವಾಟ್ ಈಸ್ ಯುವರ್ ಪ್ರಾಬ್ಲೆಮ್?' ಎಂದು ಹಿತದಿಂದ ಕೇಳಿದ ಯುವಕ ದೂರವಾಣಿ ಸೇವಾಕೇಂದ್ರದ ಕೆಲಸ ಕಳೆದುಕೊಳ್ಳಬಹುದು. ಆಗ ಭಾರತೀಯ ಇಂಗ್ಲಿಷಿನ ಹಿರಿಮೆ ಅವನ ನೆರವಿಗೆ ಬರುವುದಿಲ್ಲ. ಎರಡೂ ಕಡೆಯ ಅಳತೆಯನ್ನು ತಿಳಿಸಿ ಆಯ್ಕೆಯನ್ನು ಅವನಿಗೆ ಬಿಡುವುದು ಥಾಮಸ್ ಅವರ ಎಚ್ಚರಿಕೆಗೂ ಊರಿನ ಅಗತ್ಯಕ್ಕೂ ಹೊಂದುತ್ತದೆ.

ನಾಲ್ಕನೆಯದು ಗಟ್ಟಿಯಾಗಿ ಹೇಳದ ಸಂಕೋಚ. ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಸಂಭಾಷಣೆಯ ಅನುಭವ ಹೆಚ್ಚಿಲ್ಲದೆ ಶಿಕ್ಷಕರಾದವರಿಗೆ ವ್ಯಾಕರಣ ಭದ್ರವಾದ ನೆಲ: ಅಲ್ಲಿ ಉತ್ತರ ಒಂದೇ, ಪುಸ್ತಕದಲ್ಲಿದೆ. ಯಾವ ಮಾತು ಹೆಚ್ಚು ಸೌಮ್ಯ ಎಂಬುದಕ್ಕೆ ಪುಸ್ತಕದ ಕೊನೆಯ ಪುಟದಲ್ಲಿ ಉತ್ತರವಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು ಅನೇಕ ಕಡೆ ಗಣಿತ, ಪರಿಸರ ಅಧ್ಯಯನವನ್ನೂ ಕಲಿಸುವವರೇ. ಹೈಡಿ ವೆಲ್ಲೆಂಗಾ 2004ರಲ್ಲಿ ತೋರಿಸಿದಂತೆ, ಇಂಗ್ಲಿಷ್ ಪಠ್ಯಪುಸ್ತಕಗಳು ಸಂಭಾಷಣೆ ಕೊಡುತ್ತವೆಯೇ ಹೊರತು ಅದನ್ನು ಯಾರು ಯಾರಿಗೆ ಯಾವಾಗ ಹೇಳಬಹುದು ಎಂಬ ವಿವರಣೆ ಕೊಡುವುದು ಅಪರೂಪ. ಶಿಕ್ಷಕರು ಅದನ್ನು ಹೊರಗಿನಿಂದ ತಂದು ತುಂಬುವುದೂ ಅಪರೂಪ.

ತರಗತಿಯ ಇಂಗ್ಲಿಷ್

ಮಗು ದಿನಾ ಕೇಳುವ ಜೀವಂತ ಇಂಗ್ಲಿಷ್ ಯಾವುದು ಎಂದು ನೋಡಿದರೆ ಉತ್ತರ ಅಚ್ಚರಿ ತರುತ್ತದೆ: 'ಸ್ಟ್ಯಾಂಡ್ ಅಪ್', 'ಸಿಟ್ ಡೌನ್', 'ಕೀಪ್ ಕ್ವಾಯೆಟ್', 'ಓಪನ್ ಯುವರ್ ಬುಕ್', 'ಕಮ್ ಹಿಯರ್'. ಎಲ್ಲವೂ ಅಪ್ಪಣೆಗಳು, ಮೇಲಿನವರು ಕೆಳಗಿನವರಿಗೆ ಹೇಳುವಂಥವು. ಉತ್ತರವಾಗಿ ಮಕ್ಕಳು ಹೇಳುವುದು ಒಕ್ಕೊರಲ 'ಎಸ್ ಸರ್'. ಸಮಾನರು ಸಮಾನರನ್ನು ಕೇಳುವ, ಕಿರಿಯರು ಹಿರಿಯರ ಮಾತನ್ನು ಮೆಲ್ಲಗೆ ಒಪ್ಪದಿರುವ ಇಂಗ್ಲಿಷ್ ಅವರ ಕಿವಿಗೆ ಬೀಳುವುದೇ ಇಲ್ಲ. ಅಪ್ಪಣೆಯ ಇಂಗ್ಲಿಷ್ ಕೇಳಿ ಬೆಳೆದ ಮಗು ಅಪ್ಪಣೆಯಲ್ಲೇ ವಿನಂತಿಸಿದರೆ ದೋಷ ಯಾರದು?

ಇದರ ನಡುವೆ ಒಂದು ಪುಟ್ಟ ಯಶಸ್ಸು ಎಲ್ಲ ಶಾಲೆಗಳಲ್ಲೂ ನಡೆಯುತ್ತಿದೆ, ಅದನ್ನು ಯಾರೂ ಪಾಠವೆಂದು ಎಣಿಸುವುದಿಲ್ಲ. 'ಮೇ ಐ ಕಮ್ ಇನ್, ಸರ್?', 'ಮೇ ಐ ಗೋ ಔಟ್, ಟೀಚರ್?' ಎಂಬ ವಾಕ್ಯಗಳನ್ನು ಒಂದನೆಯ ತರಗತಿಯ ಮಗು 'ಮೇ'ಯ ವ್ಯಾಕರಣ ತಿಳಿಯದೆಯೇ ಸರಿಯಾದ ಬಾಗಿಲಲ್ಲಿ, ಸರಿಯಾದ ಧ್ವನಿಯಲ್ಲಿ, ಸರಿಯಾದವರಿಗೆ ಹೇಳುತ್ತದೆ. ವ್ಯಾಕರಣ ಮೊದಲು ಎಂಬ ನಿಲುವಿಗೆ ಇದಕ್ಕಿಂತ ಒಳ್ಳೆಯ ಪ್ರತ್ಯುತ್ತರ ಬೇಕಿಲ್ಲ. ಇಡಿಯಾಗಿ ಕಲಿತ ನುಡಿಗಟ್ಟು ಮೊದಲು ಬಳಕೆಗೆ ಬರುತ್ತದೆ, ಬಿಡಿಸಿ ನೋಡುವುದು ಆಮೇಲೆ. ತೊಡಕೆಂದರೆ ಪಟ್ಟಿ ಇಲ್ಲಿಗೇ ನಿಂತುಬಿಡುತ್ತದೆ. ಸಂಜೆ ಭೇಟಿಯಾದವರಿಗೆ 'ಗುಡ್ ನೈಟ್ ಸರ್' ಎಂದು ವಂದಿಸುವ ಹತ್ತನೆಯ ತರಗತಿಯ ಹುಡುಗ, ಅದು ಬೀಳ್ಕೊಡುವ ಮಾತು ಎಂದು ಯಾರೂ ಹೇಳದ್ದರಿಂದ ಹಾಗೆನ್ನುತ್ತಾನೆ.

ತರಬೇತಿ ಮತ್ತು ವಿಧಾನ

ಕರ್ನಾಟಕದಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿಯ ಮುಖ್ಯ ಕೇಂದ್ರ 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ಅದರೊಡನೆ ನಂಟಿದ್ದ ಎನ್. ಎಸ್. ಪ್ರಭು ಅವರ ಪ್ರಯೋಗ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದು, ಜಗತ್ತಿನಲ್ಲಿ ಬೆಂಗಳೂರು ಯೋಜನೆ ಎಂದೇ ಹೆಸರಾಯಿತು. ರೈಲ್ವೆ ವೇಳಾಪಟ್ಟಿ ಓದಿ ಲೆಕ್ಕಹಾಕುವಂಥ ಕೆಲಸಗಳ ಮೂಲಕ, ಅರ್ಥದ ಮೇಲೆ ಗಮನವಿರಿಸಿ ಕಲಿಸುವುದು ಅದರ ರೀತಿ. ಅದನ್ನು ಸಂದರ್ಭ ಸಾಮರ್ಥ್ಯದ ಪ್ರಯೋಗವೆಂದು ತಿಳಿಯುವವರುಂಟು. ಪ್ರಭು ಅವರ ಗುರಿ ಅದಾಗಿರಲಿಲ್ಲ. ಸಾಮಾಜಿಕ ಔಚಿತ್ಯವನ್ನು ಬದಿಗಿಟ್ಟು, ವ್ಯಾಕರಣವೇ ಅರ್ಥಪೂರ್ಣ ಕೆಲಸದ ಮೂಲಕ ಮನಸ್ಸಿನಲ್ಲಿ ಬೆಳೆಯುತ್ತದೆಯೇ ಎಂಬುದನ್ನು ಅವರು ಪರೀಕ್ಷಿಸಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಮನೆಮಾತನ್ನು ಅಡ್ಡಿ ಎನ್ನದೆ ಸಂಪನ್ಮೂಲವೆಂದು ಕರೆದದ್ದು ಗಡಿಸೀಮೆಗೆ ಇದಕ್ಕಿಂತ ಹೆಚ್ಚು ಉಪಯುಕ್ತ.

ಸಂದರ್ಭ ಸಾಮರ್ಥ್ಯವನ್ನು ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಗೇಬ್ರಿಯೆಲೆ ಕ್ಯಾಸ್ಪರ್ 1997ರಲ್ಲಿ ಕೊಟ್ಟ ಉತ್ತರ ಹೀಗಿದೆ: ಅದರ ಬಹುಪಾಲು ಮಾತೃಭಾಷೆಯಿಂದಲೇ ಬಂದಿರುತ್ತದೆ, ಇದ್ದದ್ದನ್ನು ಬಳಸಿಕೊಳ್ಳುವಂತೆ ಅವಕಾಶ ಕೊಡುವುದೇ ಬೋಧನೆ. ಕಲಿಯುವವರು ಗಮನಿಸದ ರೂಪ ಮನಸ್ಸಿಗೆ ಇಳಿಯುವುದಿಲ್ಲ ಎಂಬ ಶ್ಮಿಟ್ ಅವರ ವಾದವೂ ಇದಕ್ಕೆ ಸೇರುತ್ತದೆ. ಈ ಎರಡು ಸೂತ್ರಗಳನ್ನು ಚಿಕ್ಕೋಡಿ ಸೀಮೆಯ ಕಪ್ಪುಹಲಗೆಗೆ ತಂದರೆ ಪಾಠ ಸರಳವಾಗುತ್ತದೆ. ಪುಸ್ತಕ ಬೇಕಾಗಿದೆ ಎಂಬ ಒಂದೇ ಅಗತ್ಯ. ಕೇಳಬೇಕಾದವರು ನಾಲ್ಕು ಮಂದಿ: ತಂಗಿ, ಗೆಳೆಯ, ಮುಖ್ಯೋಪಾಧ್ಯಾಯರು, ಗ್ರಂಥಾಲಯದ ಅಪರಿಚಿತರು. ಮೊದಲ ಕಂಬಸಾಲಿನಲ್ಲಿ ಮಕ್ಕಳೇ ಹೇಳಿದ ಕನ್ನಡ, ಎರಡನೆಯದರಲ್ಲಿ ಮರಾಠಿ, ಮೂರನೆಯದರಲ್ಲಿ ಇಂಗ್ಲಿಷ್. ತಾ, ಕೊಡೋ, ಕೊಡ್ರಿ, ಸಿಗತದೇನ್ರಿ ಎಂದು ಮೊದಲ ಸಾಲು ಇಳಿಯುತ್ತಿದ್ದಂತೆ ಮೆಟ್ಟಿಲು ತಾನಾಗಿ ಕಾಣುತ್ತದೆ. ಇಂಗ್ಲಿಷಿನ ಮೆಟ್ಟಿಲು ಕ್ಯಾನ್, ಕುಡ್, ವುಡ್ ಇಟ್ ಬಿ ಪಾಸಿಬಲ್ ಎಂದು ಬೇರೆ ಕಲ್ಲಿನಲ್ಲಿ ಕಟ್ಟಿದ್ದು ಎಂಬುದೂ ಕಾಣುತ್ತದೆ. ಇಂಥ ಪಾಠಕ್ಕೆ ಶಿಕ್ಷಕನಿಗೆ ಲಂಡನ್ನಿನ ಉಚ್ಚಾರ ಬೇಕಿಲ್ಲ, ಮಕ್ಕಳ ಮನೆಮಾತು ಗೊತ್ತಿರಬೇಕು. ಹೊರಜಿಲ್ಲೆಯಿಂದ ಬಂದು ಮರಾಠಿ ಅರಿಯದ ಶಿಕ್ಷಕರಿಗೆ ಎರಡನೆಯ ಕಂಬಸಾಲನ್ನು ಮಕ್ಕಳೇ ತುಂಬಿಕೊಡಬಲ್ಲರು. ತರಗತಿಯಲ್ಲಿ ಪಾತ್ರ ಅದಲುಬದಲಾಗುವುದರಿಂದ ನಷ್ಟವೇನಿಲ್ಲ.

ಪದವಿ ಮಟ್ಟದಲ್ಲಿ ಬೇಡಿಕೆ ಬೇರೆ ರೂಪ ತಾಳುತ್ತದೆ. ಕೊಲ್ಲಾಪುರ, ಪುಣೆ, ಬೆಂಗಳೂರುಗಳ ಸಂದರ್ಶನಕ್ಕೆ ಹೊರಟ ವಿದ್ಯಾರ್ಥಿಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಹೇಗೆ, ಪ್ರಶ್ನೆ ಮತ್ತೊಮ್ಮೆ ಕೇಳಿ ಎನ್ನುವುದು ಹೇಗೆ, ತನ್ನ ಗುಣ ತಾನೇ ಹೇಳಿಕೊಳ್ಳುವುದು ಹೇಗೆ ಎಂಬುದು ಬೇಕು. ಕೊನೆಯದು ಕಷ್ಟದ್ದು, ಏಕೆಂದರೆ ತೊಡಕು ಭಾಷೆಯದಲ್ಲ. ಹಿರಿಯರ ಮುಂದೆ ತನ್ನ ಬಗ್ಗೆ ತಾನು ಹೇಳಿಕೊಳ್ಳಬಾರದು ಎಂದು ಕಲಿತು ಬಂದವರಿಗೆ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಎಂಬ ಪ್ರಶ್ನೆ ಸಭ್ಯತೆಯ ಎರಡು ಕಟ್ಟಳೆಗಳ ನಡುವೆ ಸಿಕ್ಕಿಸುತ್ತದೆ. ತಂದೆಯ ಹೆಸರು, ಊರು, ಮನೆಯ ಜನರ ಸಂಖ್ಯೆ ಹೇಳಿ ಸುಮ್ಮನಾಗುವ ಅಭ್ಯರ್ಥಿ ತನ್ನ ಊರಿನ ಕಟ್ಟಳೆ ಪಾಲಿಸಿದ್ದಾನೆ.

ಅಳೆಯುವ ಬಗೆ

ಸಂದರ್ಭ ಸಾಮರ್ಥ್ಯವನ್ನು ಅಳೆಯಲು ಸಂಶೋಧಕರು 1980ರ ದಶಕದಿಂದ ಬಳಸುತ್ತ ಬಂದ ಸಾಧನ ಸಂಭಾಷಣಾ ಪೂರಣ: ಸನ್ನಿವೇಶವೊಂದನ್ನು ವಿವರಿಸಿ, ಒಂದು ಮಾತನ್ನು ಖಾಲಿ ಬಿಟ್ಟು ತುಂಬಿಸುವುದು. ಶೋಶಾನಾ ಬ್ಲಮ್-ಕುಲ್ಕಾ ಮತ್ತು ಸಂಗಡಿಗರು ಇದನ್ನು ಹಲವು ಭಾಷೆಗಳಲ್ಲಿ ಬಳಸಿ ವಿನಂತಿ ಮತ್ತು ಕ್ಷಮಾಯಾಚನೆಯ ತೌಲನಿಕ ಅಧ್ಯಯನವನ್ನು 1989ರಲ್ಲಿ ಪ್ರಕಟಿಸಿದರು. ಬರೆದ ಉತ್ತರ ಆಡುವ ಮಾತಲ್ಲ ಎಂಬ ಆಕ್ಷೇಪ ಅದರ ಮೇಲಿದೆ. ಶಾಲೆಯ ಮಟ್ಟಿಗೆ ಈ ಆಕ್ಷೇಪ ಅಷ್ಟು ದೊಡ್ಡದಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರನ್ನೂ ಮಾತಾಡಿಸಿ ಅಂಕ ಕೊಡುವುದಕ್ಕಿಂತ ಇದು ಸಾಧ್ಯವಾಗುವ ಕೆಲಸ. ಎಸ್.ಎಸ್.ಎಲ್.ಸಿ. ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಮಾತಿನ ಕೆಲಸಕ್ಕೆ ಜಾಗವಿರುವುದು ಈ 20ರಲ್ಲಿ. ಅಲ್ಲಿ ಸರಿ-ತಪ್ಪಿನ ಗುರುತಿನ ಬದಲು ಒಪ್ಪುತ್ತದೆ, ಅಷ್ಟಾಗಿ ಒಪ್ಪದು, ಇವರಿಗೆ ಒಪ್ಪದು ಎಂಬ ಮೂರು ಹಂತದ ತೀರ್ಪು ಬಳಸಿದರೆ ಕೇಳುಗ ಯಾರೆಂಬುದು ಅಂಕದ ಲೆಕ್ಕದೊಳಗೆ ಬರುತ್ತದೆ. ಆ 20 ಅಂಕಗಳು ವಾಡಿಕೆಯಲ್ಲಿ ಅಂದವಾಗಿ ಬರೆದ ಚಟುವಟಿಕೆ ಪುಸ್ತಕಕ್ಕೆ, ಬಣ್ಣದ ಶೀರ್ಷಿಕೆಗಳಿಗೆ ಸಂದುಹೋಗುತ್ತವೆ.